ಹೊಳೆಯಾಚೆಗೆ ಕೇಳಿಸುತ್ತಿದ್ದ ಭಾಷಣ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಷ್ಟು ವರ್ಷಗಳ ನೌಕರಿಯಲ್ಲಿ ವಾದ ಮಾಡಿ ಗೆದ್ದು ನಾನು ಒಂದೇ ಒಂದು ತೋಳಿಗೂ ಸಿಡುಬಿನ ಲಸಿಕೆ ಹಾಕಿದ್ದಿಲ್ಲ. ಹಾಕಿದ್ದೆಲ್ಲ ವಾದದಲ್ಲಿ ಸೋತ ಮೇಲೆ, ಇಲ್ಲವೇ ಬಾಯಿ ಮುಚ್ಚಿಕೊಂಡ ಮೇಲೆ. ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬಂದು, "ಜನರ ಮನವೊಲಿಸುವುದು ಹೇಗೆ ಸಾರ್?" ಎಂದು ಕೇಳುತ್ತಾರೆ. ತರಬೇತಿಯಲ್ಲಿ ಅವರಿಗೆ ಅದಕ್ಕೊಂದು ಪಾಠವೇ ಇದೆಯಂತೆ. ಪಾಠ ಮಾಡಿದವರು ಯಾರ ಮನೆಯ ಬಾಗಿಲು ತಟ್ಟಿದ್ದರು ಎಂದು ಕೇಳಿದರೆ ಉತ್ತರವಿಲ್ಲ. ನಮಗೆ ಪಾಠ ಇರಲಿಲ್ಲ, ಭಟ್ಕಳದಿಂದ ಕುಮಟೆಯವರೆಗೆ ಕೇರಿಗಳಿದ್ದವು.

ಕುಮಟೆಯ ಕಾಲೇಜಿನಲ್ಲಿ ನಾನು ಓದಿದ್ದಕ್ಕಿಂತ ಮಾತಾಡಿದ್ದು ಹೆಚ್ಚು. ಚರ್ಚಾಸ್ಪರ್ಧೆಗೆ ದೇವರು, ಕರ್ಮ, ಪುನರ್ಜನ್ಮ ಇಂಥದೇನಾದರೂ ವಿಷಯ ಇಟ್ಟರೆ ವಿರೋಧ ಪಕ್ಷದ ಮೊದಲ ಹೆಸರು ನನ್ನದು. ಢಾಲು ಗೆದ್ದು ತಂದಿದ್ದೆ. ಪರೀಕ್ಷೆಯಲ್ಲಿ ಎದುರಾಳಿ ಇಲ್ಲದ ಕಾರಣ ನಪಾಸಾದೆ. ಐವತ್ತರ ದಶಕದ ಕೊನೆಯಲ್ಲಿ ಸಿಕ್ಕಿದ್ದು ವ್ಯಾಕ್ಸಿನೇಟರ್ ನೌಕರಿ. ನಮ್ಮ ಕಡೆ ಸಿಡುಬಿಗೆ ಅಮ್ಮ, ದೇವಿ ಎನ್ನುತ್ತಿದ್ದರು. ಲಸಿಕೆ ಹಾಕುವುದಕ್ಕೆ ದೇವಿ ಹಾಕುವುದು ಎನ್ನುತ್ತಿದ್ದರು. ಹೀಗಾಗಿ ದೇವರಿಲ್ಲ ಎಂದು ಸಾಧಿಸಿ ಬಂದವನು ಮೂರು ತಾಲ್ಲೂಕಿನ ಬಾಯಲ್ಲಿ 'ದೇವಿ ಡಾಕ್ಟ್ರು' ಆದೆ. ಡಾಕ್ಟರೂ ಅಲ್ಲ, ಬಿಡಿ.

ಲಸಿಕೆಯ ದ್ರವ ಬೆಳಗಾವಿಯಿಂದ ಕಡ್ಡಿಯಂಥ ಗಾಜಿನ ನಳಿಗೆಗಳಲ್ಲಿ ಬರುತ್ತಿತ್ತು. ಬಿಸಿಲು ತಾಗಿದರೆ ಅದರ ಕಥೆ ಮುಗಿದ ಹಾಗೆ. ಐಸು ಎಲ್ಲಿಂದ ತರುವುದು? ಬಾಳೆದಿಂಡನ್ನು ಸೀಳಿ ನಳಿಗೆಗಳನ್ನು ಒಳಗಿಟ್ಟು, ಒದ್ದೆ ಬಟ್ಟೆ ಸುತ್ತಿ ಸೈಕಲ್ಲಿಗೆ ಕಟ್ಟಿಕೊಳ್ಳುತ್ತಿದ್ದೆವು. ನಮ್ಮ ಆಯುಧ, ತುದಿಯಲ್ಲಿ ಮೊನೆಗಳಿದ್ದ ಒಂದು ಪುಟ್ಟ ಬಿಲ್ಲೆ. ಸ್ಪಿರಿಟ್ ದೀಪದಲ್ಲಿ ಕಾಯಿಸಿ, ಆರಿಸಿ, ತೋಳಿನ ಮೇಲಿನ ಹನಿಗೆ ಒತ್ತಿ ತಿರುಗಿಸಬೇಕು. ಚರ್ಮ ಕಿತ್ತು ಬರುತ್ತಿತ್ತು. ವಾರ ಬಿಟ್ಟು ಹೋಗಿ ಗುಳ್ಳೆ ಎದ್ದಿದೆಯೇ ನೋಡಬೇಕು, ಏಳದಿದ್ದರೆ ಮತ್ತೆ ಕೀಳಬೇಕು. ಅರವತ್ತರ ದಶಕ ಮುಗಿಯುತ್ತ ಬಂದಾಗ ಪುಡಿಯ ಲಸಿಕೆ, ಕವಲು ತುದಿಯ ಸೂಜಿ ಬಂದವು. ಅದನ್ನು ಮೊದಲ ಸಲ ಹಿಡಿದಾಗ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಷ್ಟು ಸುಲಭವಿದ್ದರೆ ಇದನ್ನು ಮೊದಲೇ ಯಾರೂ ಯಾಕೆ ಯೋಚಿಸಲಿಲ್ಲ?

ನಮ್ಮ ಮೇಲಿನವರು ಸ್ಯಾನಿಟರಿ ಇನ್ಸ್‌ಪೆಕ್ಟರ್ ಶಾನಭಾಗ ಸಾಹೇಬರು. ಖಾಕಿ ಟೊಪ್ಪಿ, ಬಾಯಲ್ಲಿ ಯಾವಾಗಲೂ ಲವಂಗ. ಅವರ ಇಡೀ ವಿದ್ಯೆ ಎರಡೇ ಮಾತಿನದು: ಮೊದಲ ತೋಳು. ಕೇರಿಗೆ ಹೋದ ಕೂಡಲೇ ಎಲ್ಲರನ್ನೂ ಕರೆಯಬಾರದು. ಯಾರ ತೋಳು ಕಂಡರೆ ಉಳಿದವರು ತೋಳು ಕೊಡುತ್ತಾರೋ ಆ ಒಂದು ತೋಳನ್ನು ಹುಡುಕಬೇಕು. ಒಂದು ಕಡೆ ಅದು ಪಟೇಲರದು, ಇನ್ನೊಂದು ಕಡೆ ಸೂಲಗಿತ್ತಿಯದು. "ಅದು ಸಿಕ್ಕಿದ್ರೆ ಊರೆಲ್ಲ ಸಿಕ್ಕಿತು ಅಂತ ತಿಳಿ" ಎನ್ನುತ್ತಿದ್ದರು.

ನನಗೆ ಇದು ಸೋಮಾರಿಗಳ ಉಪಾಯವೆನಿಸಿತು. ಬುದ್ಧಿ ಇರುವಾಗ ತೋಳು ಯಾಕೆ? ಕತಗಾಲದ ಹತ್ತಿರದ ಒಂದು ಊರಿನಲ್ಲಿ ಮೊದಲ ತೋಳು ಒಬ್ಬ ವೃದ್ಧ ಭಟ್ಟರದು. ಅವರನ್ನು ಅವರ ಜಗಲಿಯಲ್ಲೇ ಹಿಡಿದೆ. ಸಿಡುಬು ದೇವಿಯ ಕೋಪವಾದರೆ ಹಾಲು ಕುಡಿಯುವ ಕೂಸು ಮಾಡಿದ ತಪ್ಪೇನು? ದೇವಿ ಬೇಡವೆಂದರೆ ಬರುತ್ತಾಳೆ, ಸೂಜಿ ಹಾಕಿದರೆ ಬರುವುದಿಲ್ಲ, ಹಾಗಾದರೆ ಸೂಜಿ ದೊಡ್ಡದೋ ದೇವಿ ದೊಡ್ಡವಳೋ? ಊರಿನವರೆಲ್ಲ ಅಂಗಳದಲ್ಲಿ ನಿಂತು ಕೇಳಿದರು. ಭಟ್ಟರು ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರು, ಸುಲಭಕ್ಕೆ ಬಗ್ಗಲಿಲ್ಲ. ಬಗ್ಗಿಸಿದೆ. ಕೊನೆಗೆ ಅವರು ನಕ್ಕು ಎಲೆಯಡಿಕೆಯ ಕವಳದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಗೆದ್ದೆ ಮಾಣಿ. ವಾದ ಚೊಲೊ ಇದ್ದು. ಕವಳ ಹಾಕು."

"ಹಾಗಾದರೆ ತೋಳು ಕೊಡಿ."

"ಅದು ಇಲ್ಲೆ. ಸೋತವ ನಾನು, ದೇವಿ ಅಲ್ಲ. ಎಂಗಳ ಮನೆಯವು ಯಾರೂ ಬತ್ವಿಲ್ಲೆ."

ಯಾರೂ ಬರಲಿಲ್ಲ. ಬಾಳೆದಿಂಡು ಬಾಡಿ, ದ್ರವ ಕೆಟ್ಟು ವಾಪಸಾದೆ. ಶಾನಭಾಗ ಸಾಹೇಬರು ಲವಂಗ ಅಗಿಯುವುದನ್ನು ನಿಲ್ಲಿಸಿದರು.

"ದೇವಿ ಇಲ್ಲೆ ಅಂತ ಸಾಧಿಸಿದ್ಯಂತೆ?"

"ಹೌದು ಸಾರ್."

"ಭೇಷ್. ತೋಳು ಎಲ್ಲಿ?"

ಭಟ್ಕಳದಲ್ಲಿ ವಾದಕ್ಕೆ ಆಸ್ಪದವೇ ಇರಲಿಲ್ಲ. ನವಾಯತ ಮುಸ್ಲಿಮರ ದೊಡ್ಡ ಮನೆಗಳಲ್ಲಿ ಹೆಂಗಸರು ಪರದೆಯ ಆಚೆ, ನಾನು ಈಚೆ. ಮನೆಯ ದಾದಿಮಾ ಮೊದಲು ತಮ್ಮ ತೋಳನ್ನು ಪರದೆಯ ಸಂದಿಯಿಂದ ತೂರಿಸಿ, "ಹಾಕು ಬೇಟಾ, ಈ ಮುದುಕಿ ಸತ್ರೆ ಅಳೋರು ಯಾರೂ ಇಲ್ಲ" ಎಂದರು. ಒಳಗೆ ನಗು. ಆಮೇಲೆ ಒಂದರ ಹಿಂದೊಂದು ತೋಳು ಬಂತು. ಎಷ್ಟು ಸಲೀಸು ಎಂದು ಹಿಗ್ಗಿದೆ. ವಾರ ಬಿಟ್ಟು ಹೋದರೆ ದಾದಿಮಾ ನಗು ತಡೆಯಲಾರದೆ ಹೇಳಿದರು: ಹೆದರಿದ ಅಕ್ಕನ ಬದಲಿಗೆ ಮನೆಯ ಕಿರಿಯ ಮೊಮ್ಮಗಳು ಎಡತೋಳು, ಬಲತೋಳು ಎರಡನ್ನೂ ಸಲ್ಲಿಸಿದ್ದಳು. ಎರಡೂ ಚೆನ್ನಾಗಿ ಎದ್ದಿದ್ದವು. ಬಳೆ ಬೇರೆ ಬೇರೆ ಹಾಕಿಕೊಂಡಿದ್ದಳಂತೆ! ಅಂದಿನಿಂದ ನಾನು ಬಳೆ ನೋಡುವುದನ್ನು ಬಿಟ್ಟು ಅಂಗೈ ನೋಡತೊಡಗಿದೆ.

ಇಂಥವು ಇನ್ನೂ ಬೇಕಾದಷ್ಟಿವೆ. ಆದರೆ ನಾನು ಇದನ್ನು ಬರೆಯಲು ಕೂತದ್ದು ಹೊನ್ನಾವರದ ಪ್ರಭಾಕರನ ಸಲುವಾಗಿ.

ಹೊನ್ನಾವರದ ಹೊಳೆಬದಿಯ ಕೇರಿಯಲ್ಲಿ ಆಗ ಒಂದು ತರುಣ ಮಂಡಳಿ ಇತ್ತು. ಅದರ ಅಧ್ಯಕ್ಷ ಪ್ರಭಾಕರ. ನನ್ನದೇ ವಯಸ್ಸು. ಮುಖದ ತುಂಬ ಸಿಡುಬಿನ ಕಲೆ, ಹಣೆಯಲ್ಲಿ ಉದ್ದದ ಕುಂಕುಮ, ಅಚ್ಚ ಬಿಳಿ ಧೋತ್ರ. ಎರಡು ವರ್ಷದ ಹಿಂದೆ ಕುಮಟೆಯಿಂದ ಬಂದು ಅಕ್ಕಿ ವಖಾರಿಯಲ್ಲಿ ಗುಮಾಸ್ತನಾಗಿದ್ದ. ಅವನ ಕನ್ನಡ ಅಚ್ಚು ಹಾಕಿದ ಹಾಗೆ. ಕೇರಿಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ವಿಷಯ ಯಾವುದರಿಂದ ಹೊರಟರೂ ಹೊಳೆ ದಾಟಿ ಆಚೆ ದಡದ ಕ್ರಿಸ್ತಾಂವರ ಕೇರಿಗೆ ಹೋಗಿ ನಿಲ್ಲುತ್ತಿತ್ತು. ಅವರು ಪರದೇಶಿ ಹಾಲಿನ ಪುಡಿಗೆ ಮಾರಿಕೊಂಡವರು, ನಮ್ಮ ನೆಲದ ಕಳೆ, ಕಿತ್ತೊಗೆಯಬೇಕಾದವರು. ಮಂಡಳಿಯ ಹುಡುಗರು ಮೊದಮೊದಲು ವಾಲಿಬಾಲ್ ಆಡಲು ಸೇರಿದವರು. ಅವನ ಮಾತು ಕೇಳಿ ಕೇಳಿ ವಾಲಿಬಾಲ್ ಬಿಟ್ಟಿದ್ದರು. ಸಂತೆಯಲ್ಲಿ ಆಚೆ ಕೇರಿಯ ಹೆಂಗಸರ ಮೀನಿನ ಬುಟ್ಟಿ ಉರುಳಿಸುವ ಮಟ್ಟಕ್ಕೆ ಬಂದಿದ್ದರು.

ಕಲೆ ಇದ್ದವನಿಗೆ ಲಸಿಕೆ ಬೇಕಿರಲಿಲ್ಲ ನಿಜ, ಆದರೆ ಕೇರಿ ನೋಡುತ್ತಿದ್ದುದು ಅವನನ್ನು; ಅಲ್ಲಿಯ ಮೊದಲ ತೋಳು ಅವನದೇ ಆಗಬೇಕಿತ್ತು. ಅವನು ಕೊಡಲಿಲ್ಲ. ಲಸಿಕೆಯನ್ನು ಕರುವಿನ ಮೈಮೇಲೆ ಬೆಳೆಸುತ್ತಾರೆ ಎಂದು ಎಲ್ಲೋ ಓದಿಕೊಂಡಿದ್ದ. ಅದು ನಿಜವೂ ಹೌದು. "ಗೋಮಾತೆಯ ಕೀವನ್ನು ನಿಮ್ಮ ನೆತ್ತರಿಗೆ ಸೇರಿಸಲು ಬಂದಿದ್ದಾರೆ" ಎಂದ. ಕಟ್ಟೆಯ ಮೇಲೆ ಇಬ್ಬರೂ ವಾದಕ್ಕೆ ನಿಂತೆವು. ಕತಗಾಲದಿಂದ ನಾನು ಏನನ್ನೂ ಕಲಿತಿರಲಿಲ್ಲ ಎನ್ನಿ. ಅವನ ಒಂದೊಂದು ಮಾತಿಗೂ ಎರಡೆರಡು ಉತ್ತರ ಕೊಟ್ಟೆ, ಜನ ಚಪ್ಪಾಳೆ ತಟ್ಟಿದರು, ಆಟ ಮುಗಿದ ಹಾಗೆ ಎದ್ದು ಮನೆಗೆ ಹೋದರು. ಆಗಲೂ ತೋಳಿಲ್ಲ.

ಒಂದು ಸಂಗತಿ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಚರ್ಚಾಸ್ಪರ್ಧೆಯಲ್ಲಿ ಪಳಗಿದವನಿಗೆ ಎದುರಾಳಿ ಎಲ್ಲಿ ನಂಬಿ ಮಾತಾಡುತ್ತಾನೆ, ಎಲ್ಲಿ ಬಾಯಿಪಾಠ ಒಪ್ಪಿಸುತ್ತಾನೆ ಎಂದು ಕಿವಿಗೆ ತಿಳಿಯುತ್ತದೆ. ಪ್ರಭಾಕರ ಹಿಂದೂ ಧರ್ಮವನ್ನು ಹೊಗಳುವಾಗ ಬಾಯಿಪಾಠ. ಆಚೆ ಕೇರಿಯನ್ನು ಬೈಯುವಾಗ ಮಾತ್ರ ಮಾತು ಅವನದೇ ಆಗುತ್ತಿತ್ತು, ಹಾಲಿನ ಪುಡಿ ಯಾವ ವಾರ ಯಾರ ಮನೆಗೆ ಹೋಗುತ್ತದೆ ಎಂಬುದೂ ಅದರಲ್ಲಿ ಇರುತ್ತಿತ್ತು. ಹೊರಗಿನವನ ದ್ವೇಷಕ್ಕೆ ಅಷ್ಟು ವಿವರ ಗೊತ್ತಿರುವುದಿಲ್ಲ.

ಆ ಬೇಸಿಗೆಯಲ್ಲಿ ಆಚೆ ಕೇರಿಗೆ ಸಿಡುಬು ಬಂತು. ಗೋವೆಯ ಕಡೆಯಿಂದ ಬಂದ ದೋಣಿಯ ಒಬ್ಬ ಖಲಾಸಿಯಿಂದ ಹತ್ತಿತು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ನಾನು ದಿನಾ ತಾರಿಯ ದೋಣಿಯಲ್ಲಿ ದಾಟಿ ಹೋಗಿ ಲಸಿಕೆ ಹಾಕತೊಡಗಿದೆ. ರೋಗ ಬಂದವರನ್ನು ಕೇರಿಯ ತುದಿಯ ಕೆಲವು ಸೋಗೆಯ ಗುಡಿಸಲುಗಳಿಗೆ ಸಾಗಿಸಿದೆವು. ಅಲ್ಲಿ ಆರೈಕೆಗೆ ಹೋಗಬಹುದಾದವರು ಮೈಮೇಲೆ ಕಲೆ ಇದ್ದವರು ಮಾತ್ರ. ಒಮ್ಮೆ ಸಿಡುಬಿನಿಂದ ಬದುಕಿದವರಿಗೆ ಅದು ಮತ್ತೆ ಹತ್ತುವುದಿಲ್ಲ. ಅಂಥವರು ಸಿಕ್ಕಿದ್ದು ಇಬ್ಬರೇ.

ಅಲ್ಲಿ ನತಾಲ್ ಬಾಯಿಯ ಪರಿಚಯವಾಯಿತು. ಒಣಮೀನು ಮಾರುವ ಗಟ್ಟಿ ಮುದುಕಿ. ನಾನು ಹೋದಾಗ ಸಂಜೆಯ ಹೊತ್ತು, ಆಕೆ ದಡದಲ್ಲಿ ಮಗುಚಿ ಹಾಕಿದ ದೋಣಿಯ ಮೇಲೆ ಕೂತು ಹೊಳೆಯ ಕಡೆ ಕಿವಿ ಕೊಟ್ಟಿದ್ದಳು. ಹೊನ್ನಾವರದ ದಡದಲ್ಲಿ ಮಂಡಳಿಯ ಲೌಡ್‌ಸ್ಪೀಕರ್ ಕೂಗುತ್ತಿತ್ತು. ಗಾಳಿ ಈಚೆ ಬೀಸಿದಾಗ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಕಳೆ, ಕೊಳೆ, ಮಾರಿಕೊಂಡವರು.

"ಅದನ್ನು ಎಂತಕ್ಕೆ ಕೇಳ್ತಾ ಕೂತಿದ್ರಿ ಬಾಯಿ? ಬನ್ನಿ, ತೋಳು ಕೊಡಿ" ಎಂದೆ.

"ತಡಿಯಿರಿ ಡಾಕ್ಟ್ರೇ, ಮುಗಿಲಿ." ಮುಗಿಯಿತು. ಆಕೆ ಸೆರಗು ಸರಿಮಾಡಿಕೊಂಡಳು. "ಹೋದ ತಿಂಗಳು ಕೆಮ್ಮು ಇತ್ತು. ಈಗ ಗಂಟಲು ಸರಿ ಆಗ್ಯದೆ."

"ಯಾರದು?"

"ಭಾಷಣ ಮಾಡಿದವನದು. ನನ್ನ ಮಗ ಪಾಸ್ಕು."

ನಾನು ಬಿಲ್ಲೆ ಕಾಯಿಸುತ್ತಿದ್ದವನು ಬೆರಳು ಸುಟ್ಟುಕೊಂಡೆ.

ಕೇರಿಯವರಿಗೆ ಮಗ ಮುಂಬಯಿಯಲ್ಲಿ ಹಡಗು ಹತ್ತಿದ ಎಂದು ಆಕೆ ಹೇಳಿಕೊಂಡಿದ್ದಳು. ಚಿಕ್ಕವನಿದ್ದಾಗಲೇ ಊರು ಬಿಟ್ಟವನು, ಈಗ ಮೀಸೆ ಕುಂಕುಮದಲ್ಲಿ ಯಾರಿಗೂ ಗುರುತು ಹತ್ತಿರಲಿಲ್ಲ. ಸಂತೆಗೆ ಹೋದ ಒಂದು ದಿನ ಧ್ವನಿ ಕೇಳಿ ಆಕೆಗೆ ಮಾತ್ರ ತಿಳಿದಿತ್ತು.

"ಹೋಗಿ ಮಾತಾಡಿಸಲಿಲ್ವಾ?"

"ಮಾತಾಡಿಸಿದ್ರೆ ಅವನ ಹೊಟ್ಟೆಪಾಡು ಹೋಗ್ತದಲ. ಅವನಿಗೆ ನಾವು ಬ್ಯಾಡ, ಆತು. ಧ್ವನಿ ಬತ್ತದಲ, ಸಾಕು. ನೀವು ಯಾರ ಹತ್ರನೂ ಆಡಬೇಡಿ."

ಆ ದಿನ ಆಕೆಗೆ ಲಸಿಕೆ ಹಾಕಿದೆ. ತಡವಾಗಿತ್ತು, ಸೋಂಕು ಮೊದಲೇ ಒಳಗಿತ್ತು. ಕೆಲವೇ ದಿನಗಳಲ್ಲಿ ಜ್ವರ, ಆಮೇಲೆ ಗುಳ್ಳೆ. ನತಾಲ್ ಬಾಯಿಯನ್ನೂ ತುದಿಯ ಗುಡಿಸಲಿಗೆ ಒಯ್ದೆವು.

ಇತ್ತ ಹೊನ್ನಾವರದಲ್ಲಿ ಹೆದರಿಕೆ ಹಬ್ಬಿತ್ತು. ಮಂಡಳಿ ಸಭೆ ಕರೆಯಿತು. ಶಾನಭಾಗ ಸಾಹೇಬರು ಭಟ್ಕಳದ ಕಡೆ ಹೋಗಿದ್ದರು, ನಾನೊಬ್ಬನೇ ಹೋಗಿ ಹಿಂದೆ ನಿಂತೆ. ಕೇರಿಯ ಅಮ್ಮನ ಕಲ್ಲಿನ ಎದುರಿನ ಬಯಲು ತುಂಬಿತ್ತು. ಕಟ್ಟೆಯ ಪಕ್ಕದಲ್ಲಿ ಸೀಮೆ ಎಣ್ಣೆಯ ಡಬ್ಬಿಗಳನ್ನು ಇಟ್ಟಿದ್ದರು. ಪ್ರಭಾಕರ ಎದ್ದು ನಿಂತ.

"ಇದು ದೇವರು ಅವರಿಗೆ ಕೊಟ್ಟ ಶಿಕ್ಷೆ. ಹಾಳು ಜನರಿಗೆ ಹಾಳು ರೋಗ. ಆ ಕೊಳೆ ಹೊಳೆ ದಾಟುವ ಮೊದಲು ನಾವೇ ದಾಟೋಣ. ಆ ಗುಡಿಸಲುಗಳಿಗೆ ಬೆಂಕಿ ಹಚ್ಚಿ ಬರೋಣ. ಒಳಗಿದ್ದವರು ಎದ್ದು ಓಡುವುದಾದರೆ ಓಡಲಿ."

ಹುಡುಗರು ಜೈಕಾರ ಹಾಕಿದರು. ಏಳಲಾಗದವರು ಆ ಗುಡಿಸಲುಗಳಲ್ಲಿ ಇದ್ದಾರೆಂದು ಗೊತ್ತಿದ್ದವನು ನಾನೊಬ್ಬ. ಅವರಲ್ಲಿ ಒಬ್ಬಳು ಯಾರೆಂಬುದೂ. ಒಂದೇ ವಾಕ್ಯ ಸಾಕಿತ್ತು, ಅವನನ್ನು ಅಲ್ಲೇ ಕೆಡವಲು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ವಾಕ್ಯ ಆಡಿದರೆ ಸಿಟ್ಟೆದ್ದ ಗುಂಪು ಡಬ್ಬಿ ಕೆಳಗಿಡುತ್ತದೆಯೋ, ಮೊದಲು ಅವನನ್ನು ಬಡಿದು ಆಮೇಲೆ ಹೊಳೆ ದಾಟುತ್ತದೆಯೋ? ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗ ಮುಂದಿನ ಸಾಲಿನಿಂದ ಒಂದು ಮುದಿದನಿ ಎದ್ದಿತು. ಅಮ್ಮನ ಕಲ್ಲಿಗೆ ದಿನಾ ದೀಪ ಇಡುವ ಬೀರಮ್ಮಜ್ಜಿ.

"ತಮಾ, ಹಾಳು ಅಂದ್ಯಲ, ಯಾರಿಗೆ ಅಂದದ್ದು?"

"ರೋಗಕ್ಕೆ ಅಜ್ಜಿ."

"ರೋಗ ಎಂತದು? ಅಮ್ಮ ಬಂದದ್ದಲ್ದಾ. ಅಮ್ಮಂಗೆ ಹಾಳು ಅಂತ್ಯಾ?"

ಪ್ರಭಾಕರ ನಗಲು ನೋಡಿದ. "ಅಮ್ಮ ಅವರ ಮನೆಗೆ ಯಾಕೆ ಹೋಗುತ್ತಾಳೆ? ಅವರು ನಂಬುವುದೇ ಇಲ್ಲವಲ್ಲ."

"ಅದು ಹೋಪುಕೆ ನಿನ್ನ ಮಂಡಳಿಯವ್ರ ಕೇಳ್ಬೇಕಾ? ಅದಕ್ಕೆ ಮನಸ್ಸಾದ ಮನೆಗೆ ಹೋತು, ಕೂತು. ಕೂತ ಮನೆ ಅದ್ರ ಗುಡಿ." ಬೀರಮ್ಮಜ್ಜಿ ಎದ್ದು ನಿಂತು ಹುಡುಗರ ಕಡೆ ತಿರುಗಿದಳು. "ಅಮ್ಮ ಕೂತ ಮನೆಗೆ ಬೆಂಕಿ ಕೊಡ್ತ್ರನಾ? ಕೊಡಿ. ಮನೆ ಸುಟ್ಟ ಮೇಲೆ ಅದು ಎದ್ದು ಎಲ್ಲಿಗೆ ಬತ್ತು ಗೊತ್ತದ್ಯಾ? ಬೆಂಕಿ ಕೊಟ್ಟಂವನ ಮನೆಗೆ."

ಡಬ್ಬಿ ಹಿಡಿದಿದ್ದ ಒಬ್ಬ ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವನ ಅಮ್ಮ ಬಂದು ರಟ್ಟೆ ಹಿಡಿದು, "ನಡಿ ಮನೆಗೆ, ಅಧಿಕಪ್ರಸಂಗಿ" ಎಂದು ಎಳೆದುಕೊಂಡು ಹೋದಳು.

ಬೀರಮ್ಮಜ್ಜಿ ಇನ್ನೂ ಬಿಟ್ಟಿರಲಿಲ್ಲ. "ನಿನ್ನ ಮುಖದಲ್ಲೂ ಅಮ್ಮನ ಕಲೆ ಅದೆ ತಮಾ. ನಿಂಗೆ ಬಂದಾಗ ನಿನ್ನ ಅವ್ವಿ ಎಂತ ಮಾಡಿತ್ತು? ಬಾಗ್ಲಿಗೆ ಬೇವು ಕಟ್ಟಿತ್ತಾ? ಒಗ್ಗರಣೆ ಬಿಟ್ಟಿತ್ತಾ? ಅಮ್ಮನ ಕಳ್ಸೂಕೆ ಎಂತ ಎಡೆ ಇಟ್ಟಿತ್ತು, ಹೇಳು."

ಇದಕ್ಕೆ ಉತ್ತರ ಹೇಳಲು ಬಾರದ ಮಗು ಆ ಕೇರಿಯಲ್ಲಿ ಇರಲಿಲ್ಲ. ಪ್ರಭಾಕರ ಧರ್ಮದ ಬಗ್ಗೆ ಎಷ್ಟೋ ಓದಿಕೊಂಡಿದ್ದ. ಕಾಯಿಲೆ ಬಿದ್ದ ಮಗನಿಗೆ ಒಬ್ಬ ತಾಯಿ ಏನು ಮಾಡುತ್ತಾಳೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನ ತಾಯಿ ಮಾಡಿದ್ದು ಬೇರೆ, ಅದನ್ನು ಅವನು ಹೇಳುವಂತಿರಲಿಲ್ಲ. ಸುಳ್ಳಾದರೂ ಹೇಳಬಹುದಿತ್ತು, ಬೇವು ಕಟ್ಟಿದ್ದಳು ಎಂದರೆ ಸಾಕಿತ್ತು. ಹೇಳಲಿಲ್ಲ. ಮೈಕಿನ ತಂತಿಯನ್ನು ಸರಿಮಾಡತೊಡಗಿದ.

"ದೇವಿ ಡಾಕ್ಟ್ರೇ, ನೀವು ಊರೂರು ತಿರುಗ್ತ್ರಿ. ಇಂವ ಯಾವ ಕಡೆಯಂವ?" ಯಾರೋ ನನ್ನನ್ನು ಕೇಳಿದರು. ಎಲ್ಲರೂ ತಿರುಗಿದರು. ಪ್ರಭಾಕರನೂ ನನ್ನನ್ನೇ ನೋಡಿದ. ನನಗೆ ಗೊತ್ತಿದೆ ಎಂದು ಅವನಿಗೆ ಆ ಕ್ಷಣದಲ್ಲಿ ಗೊತ್ತಾಯಿತು.

"ನನಗೆ ತೋಳಿನ ಗುರುತು ಸಿಗುತ್ತದೆ, ಊರಿನದು ಸಿಗುವುದಿಲ್ಲ" ಎಂದೆ. "ಅಮ್ಮ ಹೊಳೆ ದಾಟಬಾರದು ಎಂದಿದ್ದರೆ ತೋಳು ಕೊಡಿ."

ಬೀರಮ್ಮಜ್ಜಿ ಸೆರಗು ಸರಿಸಿದಳು. "ಹಾಕು. ಆದ್ರೆ ಇಲ್ಲಿ ಅಲ್ಲ, ಅಮ್ಮನ ಕಲ್ಲಿನ ಎದ್ರಿಗೆ. ಅದ್ರ ಅಪ್ಪಣೆ ಕೇಳಿ ಹಾಕು."

ಢಾಲು ಗೆದ್ದ ನಾಸ್ತಿಕ ಚಪ್ಪಲಿ ಕಳಚಿ ಕಲ್ಲಿನ ಎದುರು ಕುಕ್ಕರಗಾಲಲ್ಲಿ ಕೂತು ಕೈ ಮುಗಿದು, ಇಡೀ ಕೇರಿಗೆ ಲಸಿಕೆ ಹಾಕಿದ. ಸಿಡುಬು ದೇವಿಯಲ್ಲ, ವೈರಸ್ಸು. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅಂದು ಆ ಗುಡಿಸಲುಗಳನ್ನು ಉಳಿಸಿದ್ದು ವೈರಸ್ಸಿನ ಜ್ಞಾನವಲ್ಲ ಎಂಬುದನ್ನು ನನಗೆ ಯಾವ ವಾದದಿಂದಲೂ ದಾಟಲು ಆಗಿಲ್ಲ.

ಮರುದಿನ ಪ್ರಭಾಕರನ ಕೋಣೆಗೆ ಹೋದೆ. ಅವನು ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ನಾನಿರುವಾಗಲೇ ಮತ್ತೊಮ್ಮೆ ತೊಳೆದ.

"ಎಲ್ಲರಿಗೂ ಹೇಳುವುದಕ್ಕೆ ಬಂದಿರೋ, ನನಗೆ ಹೇಳುವುದಕ್ಕೋ?"

"ನಿಮಗೆ. ತಾಯಿ ತುದಿಯ ಗುಡಿಸಲಿನಲ್ಲಿದ್ದಾರೆ. ಗುಳ್ಳೆ ಕಣ್ಣಿನ ಮೇಲೂ ಎದ್ದಿದೆ."

ಅವನ ಕೈಯಿಂದ ಸೋಪು ಜಾರಿತು. ಎತ್ತಿಕೊಳ್ಳಲಿಲ್ಲ.

"ನನಗೆ ತಾಯಿ ಇಲ್ಲ."

"ನಿನ್ನೆ ನೀವು ಬೆಂಕಿ ಹಾಕಿ ಎಂದ ಗುಡಿಸಲು ಅದೇ."

ಸೋಪನ್ನು ಕಾಲಿನಿಂದ ಬದಿಗೆ ಸರಿಸಿ ಮಾತಾಡಿದ. ಆಗ ಅಚ್ಚಿನ ಕನ್ನಡ ಮುರಿದು ಕೊಂಕಣಿ ಹಣಿಕಿ ಹಾಕಿತು. ತಂದೆ ಸತ್ತ ಮೇಲೆ ಅವರು ಇಗರ್ಜಿಯ ದಾನದ ಹಾಲಿನ ಪುಡಿಯಲ್ಲಿ ಬದುಕಿದರು. ಶಾಲೆಯಲ್ಲಿ ಅವನಿಗೆ ಇಟ್ಟ ಹೆಸರು ಹಾಲುಪುಡಿ. ಯಾರದೋ ಹಳೆಯ ಅಂಗಿ, ಅದರಲ್ಲಿ ಒಣಮೀನಿನ ವಾಸನೆ. ಕುಮಟೆಗೆ ಹೋಗಿ ಒಂದು ಮನೆಯಲ್ಲಿ ಕೋಣೆ ಕೇಳಿದಾಗ ನಿಜ ಹೆಸರು ಹೇಳಿದ್ದಕ್ಕೆ ಇಲ್ಲ ಎಂದರು. ಮುಂದಿನ ಬೀದಿಯಲ್ಲಿ ಪ್ರಭಾಕರ ಎಂದ. ಒಳಗೆ ಕರೆದು ಚಹಾ ಕೊಟ್ಟರು.

"ಚಹಾ ಕುಡಿಯುತ್ತ ಆ ಮನೆಯವರು ಕ್ರಿಸ್ತಾಂವರನ್ನು ಬೈದರು. ನಾನು ಹೂಂ ಅಂದೆ. ಹೂಂ ಅನ್ನದಿದ್ದರೆ ಗೊತ್ತಾಗುತ್ತಿತ್ತು. ಆಮೇಲೆ ಹೂಂ ಅಂದರೆ ಸಾಲದು ಅನ್ನಿಸಿತು. ಆಮೇಲೆ..." ಅವನು ಕೈ ಒರೆಸಿಕೊಂಡ. "ಬೈಯುವಾಗ ನೀರಿನಿಂದ ಮೇಲೆ ಬಂದ ಹಾಗೆ ಆಗುತ್ತದೆ. ನಿಮಗೆ ಅರ್ಥವಾಗುವುದಿಲ್ಲ."

ಇದಕ್ಕೆ ನನ್ನ ಬಳಿ ಮೂರು ಪ್ರತಿವಾದಗಳಿದ್ದವು. ಒಂದನ್ನೂ ಆಡಲಿಲ್ಲ. "ನನಗೆ ಮೈಮೇಲೆ ಕಲೆ ಇರುವವರು ಬೇಕು. ಇಬ್ಬರಿಂದ ಸಾಗುತ್ತಿಲ್ಲ. ಅಲ್ಲಿ ನಿಮ್ಮ ಹೆಸರು ಕೇಳುವವರು ಯಾರೂ ಇಲ್ಲ" ಎಂದೆ.

"ಬರುವುದಿಲ್ಲ" ಎಂದ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ತಾರಿಯ ದೋಣಿಯಲ್ಲಿ ಕೂತಿದ್ದ. ಕುಂಕುಮ ಇರಲಿಲ್ಲ.

ಗುಡಿಸಲಿನ ಬಾಗಿಲಲ್ಲಿ ಅವನು ಬಗ್ಗಿದಾಗ ನತಾಲ್ ಬಾಯಿ ಬಾಳೆಲೆಯ ಮೇಲೆ ಮಲಗಿದ್ದಳು. ರೆಪ್ಪೆ ಊದಿ ಕಣ್ಣು ಮುಚ್ಚಿದ್ದವು. ಅವನು ಕೆಮ್ಮಿದ. ಅವರಾಡಿದ್ದು ಕೊಂಕಣಿ, ನನಗೆ ಅರ್ಥವಾದಂತೆ ಬರೆಯುತ್ತೇನೆ.

"ಬಂದೆಯಾ? ಯಾವ ಹೆಸರಲ್ಲಿ ಬಂದೆ?"

"ಹೆಸರು ಬಿಡು. ನೀರು ಕುಡಿ."

"ಅಧ್ಯಕ್ಷರೇ, ನನ್ನನ್ನು ಸುಡುತ್ತೀರಿ ಎಂದು ಸುದ್ದಿ ಇತ್ತು. ನೀರು ಯಾಕೆ ತಂದಿರಿ, ಸೀಮೆ ಎಣ್ಣೆ ಎಲ್ಲಿ?"

ಅವನು ಚಮಚೆಯನ್ನು ಬಾಯಿಗೆ ಹಿಡಿದ. ಅರ್ಧ ಚೆಲ್ಲಿತು. ಆಕೆ ಉಳಿದರ್ಧ ಕುಡಿದಳು.

ಆಮೇಲಿನ ದಿನಗಳಲ್ಲಿ ಅವನು ಆಕೆಯನ್ನು ಮಾತ್ರ ಅಲ್ಲ, ಎಲ್ಲ ರೋಗಿಗಳನ್ನೂ ನೋಡಿಕೊಂಡ. ನೊಣ ಬೀಸಿದ, ಗಂಜಿ ಬೇಯಿಸಿದ, ಉದುರಿದ ಹಕ್ಕಳೆ ಗುಡಿಸಿ ಸುಟ್ಟ, ತೀರಿಕೊಂಡ ಒಬ್ಬ ಮುದುಕನನ್ನು ಹೊತ್ತ. ಕೇರಿಯವರು ದೂರದಿಂದ ನೋಡಿ ದೇವಿ ಡಾಕ್ಟ್ರ ಆಳು ಎಂದುಕೊಂಡರು. ಹೊನ್ನಾವರದಲ್ಲಿ ಮಂಡಳಿಯ ಹುಡುಗರು ಅಧ್ಯಕ್ಷರು ಇಡಗುಂಜಿಗೆ ಹರಕೆ ತೀರಿಸಲು ಹೋಗಿದ್ದಾರೆ ಎಂದು ಹೇಳಿಕೊಂಡಿದ್ದರು. ನತಾಲ್ ಬಾಯಿಯ ನಾಲಿಗೆಗೆ ಮಾತ್ರ ಜ್ವರ ಬರಲಿಲ್ಲ. "ಅಧ್ಯಕ್ಷರೇ, ಗಂಜಿಗೆ ಉಪ್ಪಿಲ್ಲ. ನಿರ್ಣಯ ಪಾಸು ಮಾಡಿ ಹಾಕಿ" ಎನ್ನುತ್ತಿದ್ದಳು. ಅವನು ಉಪ್ಪು ಹಾಕುತ್ತಿದ್ದ. ಒಮ್ಮೆ ನಕ್ಕನಂತೆ ಕಂಡಿತು, ಖಾತ್ರಿಯಿಲ್ಲ.

ಆಕೆ ಬದುಕಿದಳು. ಒಂದು ಕಣ್ಣು ಹೋಯಿತು. ರೋಗ ಕೇರಿಯಿಂದ ಇಳಿಯಿತು. ಮಂಡಳಿಯವರು ಇನ್ನೊಂದು ಸಭೆಗೆ ದಿನ ಗೊತ್ತು ಮಾಡಿದ್ದಾರೆಂಬ ಸುದ್ದಿಯನ್ನು ನಾನೇ ಅವನಿಗೆ ಮುಟ್ಟಿಸಿದೆ. ಬೀರಮ್ಮಜ್ಜಿಯ ಮಾತನ್ನು ಮುದುಕಿಯ ಗೊಣಗಾಟವೆಂದು ಅವರು ತಳ್ಳಿ ಹಾಕಿದ್ದರು. ಅಧ್ಯಕ್ಷ ಬಂದರೆ ಸಾಕಿತ್ತು. ಗುಟ್ಟು ಗೊತ್ತಿದ್ದವರು ಇಬ್ಬರು. ನಾನು ಆಡುವವನಲ್ಲ. ನತಾಲ್ ಬಾಯಿ ಮಗನಿಗೆ ನೇರವಾಗಿಯೇ ಹೇಳಿದಳು: "ಹೋಗು. ನನ್ನ ಮಗ ಹಡಗಿನಲ್ಲಿದ್ದಾನೆ ಎಂದು ಊರಿಗೆ ಹೇಳಿದ್ದೇನೆ, ಹಾಗೆಯೇ ಇರಲಿ. ನೀನು ಪ್ರಭಾಕರ. ಆದರೆ ಬೈಯುವಾಗ ಅಷ್ಟು ಕಿರುಚಬೇಡ, ಗಂಟಲಿಗೆ ಒಳ್ಳೆಯದಲ್ಲ."

ಅವನು ತೊಳೆದ ಧೋತ್ರ ಉಟ್ಟುಕೊಂಡ. ನಾವಿಬ್ಬರೂ ದಡಕ್ಕೆ ಬಂದೆವು. ದೋಣಿಯಲ್ಲಿ ಆಗಲೇ ಹೊನ್ನಾವರದ ಕಡೆಯ ಜನ ತುಂಬಿದ್ದರು: ತೆಂಗಿನಕಾಯಿ ವ್ಯಾಪಾರಿಗಳು, ಸಂತೆಯ ಹೆಂಗಸರು, ಇಡಗುಂಜಿಯ ಕಡೆಯಿಂದ ಮರಳುತ್ತಿದ್ದ ಮಂಡಳಿಯ ಇಬ್ಬರು ಹುಡುಗರು. ಹುಡುಗರು ಅವನನ್ನು ಕಂಡು ಬೆರಗಾಗಿ ಎದ್ದು ನಿಂತು ನಮಸ್ಕಾರ ಮಾಡಿದರು. ಹಿಂದಿನಿಂದ ನತಾಲ್ ಬಾಯಿ ಕೋಲೂರಿಕೊಂಡು ನೀರಿನ ಅಂಚಿನವರೆಗೆ ಬಂದಿದ್ದಳು.

"ಯಾರನ್ನ ಕಳಿಸೂಕೆ ಬಂದದ್ದು ಬಾಯಿ?" ತಾರಿಯವ ಕೇಳಿದ.

"ಡಾಕ್ಟ್ರ ಜನ. ನನ್ನ ನೋಡ್ಕಂಡ್ರಲ."

ಪ್ರಭಾಕರ ಒಂದು ಕಾಲನ್ನು ದೋಣಿಯಲ್ಲಿಟ್ಟಿದ್ದ. ಅದನ್ನು ತೆಗೆದ. ಮೊಣಕಾಲ ಮಟ್ಟದ ನೀರಿನಲ್ಲಿ ನಡೆದು ಮರಳಿಗೆ ಬಂದು, ಆಕೆಯ ಎದುರು ಬಗ್ಗಿ ಎರಡೂ ಕೈ ಜೋಡಿಸಿದ.

"ಮಾಂಯ್, ಬೆಸಾಂವ್ ದೀ."

ಮನೆಯಿಂದ ಹೊರಡುವಾಗ ಆ ಕೇರಿಯ ಮಕ್ಕಳು ಹೆತ್ತ ತಾಯಿಯ ಆಶೀರ್ವಾದ ಕೇಳುವುದು ಹೀಗೆಯೇ. ಹೊಳೆಯ ಎರಡೂ ದಡದವರಿಗೆ ಅದು ನೋಡಿ ಗೊತ್ತು. ದೋಣಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು.

ನತಾಲ್ ಬಾಯಿ ಉಳಿದ ಒಂದು ಕಣ್ಣಿನಿಂದ ದೋಣಿಯ ಕಡೆ ನೋಡಿದಳು, ಎದ್ದು ನಿಂತೇ ಇದ್ದ ಆ ಇಬ್ಬರು ಹುಡುಗರನ್ನು ನೋಡಿದಳು. "ಎಲ್ಲರೂ ನೋಡುತ್ತಿದ್ದಾರಲ್ಲೋ, ಹುಚ್ಚಾ" ಎಂದು ಮೆಲ್ಲಗೆ ಅಂದಳು.

"ನೋಡಲಿ" ಎಂದ. ತಲೆ ಎತ್ತಲಿಲ್ಲ.

ಆಕೆ ಕೋಲನ್ನು ನನ್ನ ಕೈಗೆ ಕೊಟ್ಟಳು. "ದೇವ್ ಬರೆಂ ಕರುಂ," ದೇವರು ಒಳ್ಳೆಯದು ಮಾಡಲಿ, ಎಂದು ಅವನ ತಲೆಯ ಮೇಲೆ ಕೈ ಇಟ್ಟಳು. ತಾರಿಯವ ಗಳ ಎತ್ತಿದವನು ಹಾಗೆಯೇ ಹಿಡಿದುಕೊಂಡು ನಿಂತಿದ್ದ. ಆಕೆ ಕೈ ತೆಗೆಯುವ ತನಕ ಅವನು ದೋಣಿ ಬಿಡಲಿಲ್ಲ.